ಡೆಲ್ಟಾ ವಿಮಾನವೂ ಪಟ್ಟದ ರಾಣಿಯೂ

30 ಆಗಸ್ಟ್ 1998, ಭಾನುವಾರ

ಇಂದಿನಿಂದ ದಿನಚರಿ ಬರೆಯುತ್ತಿದ್ದೇನೆ. ನಿವೃತ್ತರಾದವರು ಬರೆಯುವಂಥ ವಾಕಿಂಗು, ಬಿಪಿ, ಬೆಂಡೆಕಾಯಿಯ ದಿನಚರಿ ಇದಲ್ಲ. ಒಂದು ಮಹತ್ಕಾರ್ಯ ಹೇಗೆ ನಡೆಯಿತು ಎಂಬುದಕ್ಕೆ ಮುಂದೆ ಯಾರಾದರೂ ಆಧಾರ ಕೇಳಿದರೆ ಇರಲಿ ಎಂದು.

ಬಸವನಗುಡಿ ಮಾದರಿ ವಿಮಾನ ಸಂಘದ ಸಭೆ ಇಂದು ನಡೆಯಿತು. ಸದಸ್ಯರು ಏಳು ಜನ, ಬಂದವರು ಐದು, ಜಗಳ ಮೂರು. ಸೆಪ್ಟೆಂಬರ್ 27ಕ್ಕೆ ‘ದಾಖಲೆ ಮುರಿದ ಮೊದಮೊದಲ ಜೆಟ್‌ಗಳು’ ಎಂಬ ಪ್ರದರ್ಶನ ಮತ್ತು ಸ್ಪರ್ಧೆ. ಮಾದರಿಗಳನ್ನು 20ನೇ ತಾರೀಕು ಸಂಜೆ ಆರರೊಳಗೆ ಅಧ್ಯಕ್ಷರ ಮನೆಗೆ ತಲುಪಿಸಬೇಕು. ಅಧ್ಯಕ್ಷರು ಶಿವರುದ್ರಪ್ಪ, ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಹೋದ ಸಲ ನನ್ನ ಮೀಟಿಯರ್ ವಿಮಾನದ ಬಾಲ ಎರಡು ಮಿಲಿಮೀಟರ್ ಉದ್ದವಾಗಿದೆ ಎಂದು ಭರ್ತಿ ಸಭೆಯಲ್ಲಿ ಸ್ಕೇಲು ಹಿಡಿದು ತೋರಿಸಿದವರು ಇವರೇ. ಇವರದು ಈ ಸಲ ಕೆಂಪು ಹಂಟರ್, 1953ರ ದಾಖಲೆಯದು. ಕೆಂಪು ಬಣ್ಣ ಬಳಿದರೆ ಯಾರ ಕಣ್ಣಿಗಾದರೂ ಬೀಳುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿದೆ.

ನನ್ನದು ಫೇರಿ ಡೆಲ್ಟಾ-2. 1956ರಲ್ಲಿ, ಅಧಿಕೃತ ದಾಖಲೆಯಲ್ಲಿ ಗಂಟೆಗೆ ಸಾವಿರ ಮೈಲಿ ದಾಟಿದ ಮೊದಲ ವಿಮಾನ. ಇದರ ಮೂಗು ಎಷ್ಟು ಉದ್ದವೆಂದರೆ ಇಳಿಯುವಾಗ ಪೈಲಟ್‌ಗೆ ನೆಲವೇ ಕಾಣುತ್ತಿರಲಿಲ್ಲ. ಅದಕ್ಕೆ ಮೂಗನ್ನೇ ಕೆಳಕ್ಕೆ ಬಾಗಿಸುವ ವ್ಯವಸ್ಥೆ ಮಾಡಿದ್ದರು. ನನ್ನ ಮಾದರಿಯಲ್ಲೂ ಮೂಗು ಬಾಗಬೇಕು. ಗೊಂಬೆ ಮಾಡುವ ಆಲೆ ಮರದಲ್ಲಿ ಕೆತ್ತಿದ್ದೇನೆ, ಹದಿಮೂರು ಇಂಚು, ಒಂದಕ್ಕೆ ನಲವತ್ತೆಂಟರ ಅಳತೆ. ವಿಮಾನ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಕೂತವನಿಗೆ ಇದು ದೊಡ್ಡದಲ್ಲ, ಆದರೂ ಮೂಗಿನ ಕೀಲು ಕಾಡುತ್ತಿದೆ.

ಅಂಬುಜಳಿಗೆ ಹೇಳಿದೆ. ನನ್ನ ಹೆಂಡತಿ ಮೂವತ್ತೊಂದು ವರ್ಷದಿಂದ ಒಂದು ವಿಮಾನದ ಹೆಸರನ್ನೂ ಕಲಿತಿಲ್ಲ. “ಮೂಗು ಬಗ್ಗಿಸ್ದೆ ಇಳಿಯೋಕೇ ಆಗಲ್ವಾ ಅದಕ್ಕೆ?” ಎಂದಳು. ಆಗುವುದಿಲ್ಲ ಎಂದೆ. “ಸದ್ಯ, ಅದಕ್ಕಾದ್ರೂ ಗೊತ್ತಲ್ಲ,” ಎಂದು ಒಳಗೆ ಹೋದಳು. ಏನು ಹೇಳಿದಳೋ.

2 ಸೆಪ್ಟೆಂಬರ್, ಬುಧವಾರ

ಅಂಬುಜ ಹಿತ್ತಲಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಪ್ಲಾಸ್ಟರ್ ಹಾಕಿದ್ದಾರೆ, ಆರು ವಾರ. ಡೆಲ್ಟಾ ಕೆಲಸ ಪೂರ್ತಿ ಒಂದು ದಿನ ಹಿಂದೆ ಬಿತ್ತು.

4 ಸೆಪ್ಟೆಂಬರ್, ಶುಕ್ರವಾರ

ಅಡಿಗೆ ಮಾಡುತ್ತಿದ್ದೇನೆ. ಅದು ಹೇಳುವಷ್ಟು ಕಷ್ಟದ ವಿದ್ಯೆಯಲ್ಲ, ಅಳತೆ ಸರಿಯಾಗಿದ್ದರೆ ಸಾಕು. ಅಂಬುಜ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹೇಳುತ್ತಾಳೆ. ಆದರೆ ಅವಳ ಅಳತೆಗಳು ‘ಒಂಚೂರು’, ‘ಸ್ವಲ್ಪ’, ‘ನೋಡ್ಕೊಂಡು’. ಸಾರಿನ ಪುಡಿ ಒಂಚೂರು ಎಂದರೆ ಎಷ್ಟು ಗ್ರಾಂ ಎಂದು ಕೇಳಿದ್ದಕ್ಕೆ ನಕ್ಕಳು. ಸಾರು ಬಾಯಿಗಿಡಲು ಆಗಲಿಲ್ಲ. ತಪ್ಪು ಯಾರದೆಂದು ಇದರಿಂದ ಸ್ಪಷ್ಟ.

ಊಟದ ಮೇಲೆ ವಿಷಯಕ್ಕೆ ಬಂದಳು. 21ಕ್ಕೆ ಪಾಡ್ಯ, ದಸರಾ ಗೊಂಬೆ ಕೂರಿಸಬೇಕು. ಈ ವರ್ಷ ಬಿಟ್ಟುಬಿಡೋಣ ಎಂದೆ.

“ಬಿಡೋಕಾಗಲ್ಲ. ಮಿಕ್ಕಿದ್ದು ಇಲ್ದಿದ್ರೂ ಪರವಾಗಿಲ್ಲ. ಪಟ್ಟದ ಗೊಂಬೆ ಮಾತ್ರ ಕೂರ್ಲೇಬೇಕು. ನಮ್ಮಮ್ಮ ಕೊಟ್ಟಿದ್ದು.”

ಪಟ್ಟದ ಗೊಂಬೆ ಎಂದರೆ ಮದುವೆಯಲ್ಲಿ ತವರಿನಿಂದ ಕೊಡುವ ಮರದ ರಾಜ, ರಾಣಿ. ಒಂಬತ್ತು ದಿನ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂತಿರುತ್ತವೆ. ಬೇರೇನೂ ಮಾಡುವುದಿಲ್ಲ. ಎಲ್ಲ ನಾನೇ ಜೋಡಿಸಿಕೊಡುತ್ತೇನೆ, ಇಂಜಿನಿಯರಿಂಗ್ ಶಿಸ್ತಿನಿಂದ ಮಾಡಿದರೆ ಎರಡು ಗಂಟೆಯ ಕೆಲಸ ಎಂದೆ. ಅವಳು ಪ್ಲಾಸ್ಟರ್ ಕೈಯ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು.

6 ಸೆಪ್ಟೆಂಬರ್, ಭಾನುವಾರ

ಇಂದಿನದನ್ನು ಬರೆಯದೇ ಬಿಡೋಣ ಎನಿಸಿತ್ತು. ಆದರೂ ಕ್ರಮವಾಗಿ ಬರೆಯುತ್ತೇನೆ.

ಮಧ್ಯಾಹ್ನ ಅಂಬುಜ ಮಲಗಿದ್ದಾಗ ಗೊಂಬೆಯ ಟ್ರಂಕು ಇಳಿಸಿದೆ. ರಾಜ, ರಾಣಿ ಹಳೆಯ ಪಂಚೆಯಲ್ಲಿ ಸುತ್ತಿದ್ದವು. ಇಬ್ಬರ ಮೈಮೇಲೂ ಕೊಳೆ. ನನ್ನ ಕೋಣೆಗೆ ತಂದೆ. ನಿಯಮದಂತೆ ಮೊದಲು ರಾಜನ ಕಾಲಿನ ಮೇಲೆ ಟರ್ಪೆಂಟೈನ್ ಪರೀಕ್ಷೆ ಮಾಡಿದೆ. ಅರಗಿನ ಬಣ್ಣ ಒಂದಿಷ್ಟೂ ಅಲುಗಲಿಲ್ಲ. ಮುಖ ಒರೆಸಿದೆ, ಮೀಸೆ ಹೊಳೆಯಿತು. ತೃಪ್ತಿಯಾಯಿತು. ನಂತರ ರಾಣಿ. ಬಟ್ಟೆ ಅದ್ದಿ, ಹಣೆಯಿಂದ ಗಲ್ಲದವರೆಗೆ, ವಿಮಾನದ ಮೈ ಒರೆಸುವ ಹಾಗೆ, ಒಂದೇ ಸಲ.

ಬಟ್ಟೆಯಲ್ಲಿ ಕಪ್ಪು, ಕೆಂಪು. ರಾಣಿಗೆ ಮುಖವಿಲ್ಲ.

ಕಣ್ಣಿಲ್ಲ, ಹುಬ್ಬಿಲ್ಲ, ಬಾಯಿಲ್ಲ. ಅರಿಶಿನ ಬಣ್ಣದ ನುಣ್ಣಗಿನ ಮರ, ತಿಕ್ಕಿಟ್ಟ ಚೊಂಬಿನ ತಳದ ಹಾಗೆ. ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ ನನ್ನ ಒಂದು ಡ್ರಾಯಿಂಗೂ ತಪ್ಪೆಂದು ವಾಪಸ್ ಬಂದದ್ದಿಲ್ಲ. ನನಗೆ ಭಯವಾಯಿತು. ಅತ್ತೆ ಈಗ ಇಲ್ಲ. ಅವರ ಕೈಯಿಂದ ಇವಳಿಗೆ ಬಂದದ್ದರಲ್ಲಿ ಉಳಿದಿರುವುದು ಇದೊಂದೇ. ಅಂಬುಜ ಎದ್ದು “ಏನ್ರೀ ವಾಸ್ನೆ?” ಎಂದಳು. ಡೆಲ್ಟಾ ಎಂದೆ. ರಾಣಿಯನ್ನು ಡೆಲ್ಟಾದ ಪೆಟ್ಟಿಗೆಯೊಳಗಿಟ್ಟು ಮುಚ್ಚಿದೆ.

7 ಸೆಪ್ಟೆಂಬರ್, ಸೋಮವಾರ

ಭಯಪಡಲು ಏನೂ ಇಲ್ಲ. ನಾನು ಮಾದರಿ ವಿಮಾನದ ಸಾಸಿವೆ ಗಾತ್ರದ ಡಯಲಿನೊಳಗೆ ಮುಳ್ಳು ಬರೆಯುವವನು, ಅದೇ ಕುಂಚದಲ್ಲಿ ಎರಡು ಕಣ್ಣು ಬರೆಯಲಾರೆನೆ?

ಸಂಜೆ: ಬರೆದೆ. ರಾಣಿ ಟೌನ್‌ಹಾಲ್ ಸರ್ಕಲ್ಲಿನ ಟ್ರಾಫಿಕ್ ಪೊಲೀಸಿನ ಹಾಗೆ ಕಾಣುತ್ತಿದ್ದಳು. ಅಳಿಸಿದೆ. ಮತ್ತೆ ಬರೆದೆ. ಈಗ ಶಿವರುದ್ರಪ್ಪನ ಹಾಗೆ. ತಕ್ಷಣ ಅಳಿಸಿದೆ.

9 ಸೆಪ್ಟೆಂಬರ್, ಬುಧವಾರ

ತರಕಾರಿ ನೆಪ ಹೇಳಿ, ರಾಣಿಯನ್ನು ಕೈಚೀಲದಲ್ಲಿ ಮೆಂತ್ಯ ಸೊಪ್ಪಿನ ಕೆಳಗಿಟ್ಟುಕೊಂಡು ಅಕ್ಕಿಪೇಟೆಗೆ ಹೋದೆ. ಅಲ್ಲಿ ಒಂದು ಗಲ್ಲಿಯಲ್ಲಿ ಲಕ್ಷ್ಮಯ್ಯ ಎಂಬಾತ ಹಳೆ ಗೊಂಬೆಗಳಿಗೆ ಬಣ್ಣ ಹಾಕಿಕೊಡುತ್ತಾನೆ. ಅವನ ಸುತ್ತ ಕೈ ಮುರಿದ ದೇವರುಗಳು ಸರದಿಯಲ್ಲಿ ಕೂತಿದ್ದರು.

ಲಕ್ಷ್ಮಯ್ಯ ರಾಣಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಒಳ್ಳೇ ಮರ ಸ್ವಾಮಿ. ಮುಖ ಹೆಂಗಿತ್ತು ಹೇಳಿ, ಬರ್ಕೊಡ್ತೀನಿ.”

ಮುಖ, ಅಂದರೆ, ಮುಖದ ಹಾಗೇ ಇತ್ತು ಎಂದೆ.

“ಕಣ್ಣು ಅಗಲಾನಾ, ಉದ್ದಾನಾ? ನೆಟ್ಟಗೆ ನೋಡೋಳಾ, ಓರೆನಾ? ಮೂಗುತಿ ಯಾವ ಕಡೆ? ನಗೋ ಬಾಯಾ, ಮುಚ್ಚಿದ್ ಬಾಯಾ?”

ಒಂದೊಂದಕ್ಕೂ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂಬ ಮಾತನ್ನು ಒಂದೇ ಸಲಕ್ಕೆ ಇಷ್ಟು ಬಾರಿ ನಾನು ಹಿಂದೆಂದೂ ಹೇಳಿದವನಲ್ಲ.

“ಎಷ್ಟ್ ವರ್ಷದಿಂದ ಮನೇಲೈತೆ?”

“ಮೂವತ್ತೊಂದು.”

ಅವನು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. “ಯಾವ್ದೋ ಒಂದು ಮುಖ ಬರೀಬೋದು ಸ್ವಾಮಿ. ಅಮ್ಮಾವ್ರು ಒಂದೇ ಸಲಕ್ಕೆ ಕಂಡಿಡಿತಾರೆ. ನೋಡಿರೋವ್ರನ್ನ ಕೇಳ್ಕೊಂಡ್ ಬನ್ನಿ. ಇಲ್ಲಾಂದ್ರೆ ಕೇಳ್ಕೊಂಡು ನೀವೇ ಬರೀರಿ. ಕಣ್ಣು ಮಾತ್ರ ಕೊನೇಗೆ.”

ಡೆಲ್ಟಾದ ರೆಕ್ಕೆಯಲ್ಲಿ ಎಷ್ಟು ಮೊಳೆಗಳಿವೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಅವನು ಕೇಳಲಿಲ್ಲ.

10 ಸೆಪ್ಟೆಂಬರ್, ಗುರುವಾರ

ಫೋಟೊ ಆಲ್ಬಂ ತೆಗೆದೆ. ದಸರಾ ಫೋಟೊಗಳು ಹನ್ನೊಂದು. ಏಳರಲ್ಲಿ ನಾನು ನನ್ನ ಒಂದೊಂದು ವಿಮಾನ ಹಿಡಿದು ಗೊಂಬೆಗಳ ಮುಂದೆ ನಿಂತಿದ್ದೇನೆ, ರಾಣಿ ನನ್ನ ಭುಜದ ಹಿಂದೆ. ಮೂರರಲ್ಲಿ ಅವಳ ಪಾದ ಮಾತ್ರ ಬಂದಿದೆ. 1982ರದ್ದರಲ್ಲಿ ಪೂರ್ತಿ ಇದ್ದಾಳೆ, ಮುಖದ ಮೇಲೆ ಫ್ಲ್ಯಾಶ್ ಬಿದ್ದು ಬೆಳ್ಳಗಾಗಿದೆ. ಹನ್ನೊಂದನ್ನೂ ಇನ್ನೊಮ್ಮೆ ನೋಡಿದೆ. ಅಂಬುಜ ಒಂದರಲ್ಲೂ ಇಲ್ಲ. ಏಳನ್ನು ತೆಗೆದವಳು ಅವಳೇ, ಹಾಗಾಗಿ ಇರಲು ಸಾಧ್ಯವೂ ಇಲ್ಲ. ಮಿಕ್ಕ ನಾಲ್ಕರ ಸಂಗತಿ ತಿಳಿಯಲಿಲ್ಲ.

12 ಸೆಪ್ಟೆಂಬರ್, ಶನಿವಾರ

ಇನ್ನು ಉಳಿದಿರುವ ಆಧಾರ ಅಂಬುಜ ಒಬ್ಬಳೇ. ವಿಚಾರಣೆ ಎಂದು ತಿಳಿಯದ ಹಾಗೆ ವಿಚಾರಿಸಬೇಕು. ಸಂಘದವರು ಹಳೆಯ ಗೊಂಬೆಗಳ ಬಗ್ಗೆ ಪಟ್ಟಿ ತಯಾರಿಸುತ್ತಿದ್ದಾರೆ ಎಂದು ಸುಳ್ಳು ಹೇಳಿದೆ.

“ಶಿವರುದ್ರಪ್ಪನೋರಿಗೆ ಗೊಂಬೆ ಮೇಲೆ ಯಾವಾಗಿಂದ ಪ್ರೀತಿ?” ಎಂದಳು. ಇತ್ತೀಚೆಗೆ ಎಂದೆ.

“ರಾಣಿ ಕಣ್ಣು ಹೇಗಿತ್ತು?”

“ಇತ್ತು ಅಂತೀರಲ್ಲ. ಈಗೆಲ್ ಹೋಯ್ತು?”

“ಇದೆ. ಇದೆ, ಹೇಗಿದೆ?”

ಸೊಪ್ಪು ಬಿಡಿಸುತ್ತಿದ್ದ ಎಡಗೈ ನಿಲ್ಲಿಸಿ ನನ್ನನ್ನು ನೋಡಿದಳು. “ಅದು ಹೇಳೋಕ್ ಬರಲ್ಲ. ಒಂದೊಂದ್ ವರ್ಷ ಒಂದೊಂದ್ ಥರ. ಹರಿಣಾಕ್ಷಿ ಮದುವೆ ಆದ ವರ್ಷ ಸುಸ್ತಾಗಿದ್ಲು. ನಿಮ್ಮಮ್ಮ ಹೋದ ವರ್ಷ ಕಣ್ಣೆತ್ತಿ ನೋಡ್ಲೇ ಇಲ್ಲ.”

ಮಗಳ ಮದುವೆಗೂ ಮರದ ಗೊಂಬೆಯ ಸುಸ್ತಿಗೂ ಏನು ಸಂಬಂಧ. ಒಂದು ತಾಸು ಮಾತಾಡಿದರೂ ಒಂದೇ ಒಂದು ಅಳತೆ ಸಿಗಲಿಲ್ಲ. ನಾಳೆ ಮತ್ತೆ ಕೇಳಬೇಕು.

14 ಸೆಪ್ಟೆಂಬರ್, ಸೋಮವಾರ

ನಿನ್ನೆ, ಇಂದು ಎರಡೂ ದಿನ ಕೇಳಿದೆ. ಮಾತು ಹಳಿ ತಪ್ಪಿ ಎಲ್ಲೆಲ್ಲಿಗೋ ಹೋಯಿತು. ಮದುವೆಯಾಗಿ ಈ ಚಾಮರಾಜಪೇಟೆ ಮನೆಗೆ ಬಂದ ಮೊದಲ ವರ್ಷ ಅವಳಿಗೆ ಇಲ್ಲಿ ಮಾತಾಡಲು ಯಾರೂ ಇರಲಿಲ್ಲವಂತೆ. ಅಮ್ಮ ಮಡಿಯಲ್ಲಿ, ಅಪ್ಪ ಪಾರಾಯಣದಲ್ಲಿ.

“ನಾನಿದ್ನಲ್ಲ,” ಎಂದೆ.

“ನೀವು ಏರ್‌ಪೋರ್ಟಲ್ಲಿದ್ರಿ.” ನನ್ನ ಕೋಣೆಗೆ ಅವಳಿಟ್ಟ ಹೆಸರು ಅದು. “ದಸರಾದಲ್ಲಿ ಒಂಬತ್ತು ದಿನ ರಾಣಿ ಹತ್ರ ಮಾತಾಡ್ತಿದ್ದೆ. ಹತ್ತನೇ ದಿನ ಸುತ್ತಿಡೋವಾಗ ಅಳು ಬಂದಿತ್ತು. ಹತ್ತೊಂಬತ್ತು ವರ್ಷ ಅಲ್ವಾ ನಂಗೆ.”

ನಾನು ಕೇಳಿದ್ದು ಹುಬ್ಬು ಬಿಲ್ಲಿನ ಹಾಗೋ ನೆಟ್ಟಗೋ ಎಂದು. ಉತ್ತರ ಬರಲಿಲ್ಲ. ಸಾರು ಇಂದು ಪರವಾಗಿರಲಿಲ್ಲ. ಡೆಲ್ಟಾ ಮುಟ್ಟಲಾಗಲಿಲ್ಲ.

15 ಸೆಪ್ಟೆಂಬರ್, ಮಂಗಳವಾರ

ಕೊನೆಗೂ ಒಂದು ಸುಳಿವು. “ನಮ್ಮಮ್ಮ ಹೇಳೋರು, ನಿನ್ನ ಹಾಗೇ ಇದಾಳೆ ಅಂತ್ಲೇ ಇವ್ಳನ್ನ ಆರಿಸ್ದೆ ಅಂತ.”

ಇದು ಕೆಲಸಕ್ಕೆ ಬರುವ ಮಾತು. ಸಂಘದ ನಿಯಮ ಹನ್ನೊಂದರ ಪ್ರಕಾರ, ಮೂಲ ವಿಮಾನ ಉಳಿದಿರದಿದ್ದರೆ ಅದೇ ವರ್ಗದ ಇನ್ನೊಂದರಿಂದ ಅಳತೆ ತೆಗೆಯಲು ಅಡ್ಡಿಯಿಲ್ಲ.

17 ಸೆಪ್ಟೆಂಬರ್, ಗುರುವಾರ

ಶಿವರುದ್ರಪ್ಪ ‘ಅಂಬುಜಮ್ಮನ ಕೈ ನೋಡಿಕೊಂಡು ಹೋಗಲು’ ಬಂದ. ಕೈ ನೋಡಿದ್ದು ಅರ್ಧ ನಿಮಿಷ, ಆಮೇಲೆ ಸೀದಾ ನನ್ನ ಕೋಣೆ. ಮೇಜಿನ ಮೇಲೆ ಕಣ್ಣು ಮೂಗುಗಳ ನಲವತ್ತು ಚಿತ್ರಗಳು ಹರಡಿದ್ದವು.

“ಇದೇನು ಬದರಿ ಅವರೇ, ಡೆಲ್ಟಾ?”

“ಪೈಲಟ್,” ಎಂದೆ.

“ಪೈಲಟ್‌ಗೆ ಮೂಗುತಿ?”

ಕಾಫಿ ತರುವ ನೆಪದಲ್ಲಿ ಎದ್ದುಬಂದೆ. ಅಡಿಗೆಮನೆಯಲ್ಲಿ ಅಂಬುಜ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕೈ ನೋಯುತ್ತಿದೆಯೇ ಎಂದು ಕೇಳಿದೆ. ಹೌದು ಎಂದು ತಲೆಯಾಡಿಸಿದಳು.

ಅವನ ಹಂಟರ್ ಮುಗಿದಿದೆಯಂತೆ. ಆಗಲಿ.

18 ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಅವಳನ್ನು ಕೂರಿಸಿ, ಪತ್ರಿಕೆ ಓದುವ ಹಾಗೆ ಎದುರಿಗೆ ಕೂತು ನೋಡಿದೆ. ಕಂಡದ್ದು: ಎಡಗಣ್ಣು ಬಲಗಣ್ಣಿಗಿಂತ ತುಸು ದೊಡ್ಡದು, ನಗುವಾಗ ಅದು ಹೆಚ್ಚು ಗೊತ್ತಾಗುತ್ತದೆ. ಮೂಗುತಿ ಬಲಗಡೆ. ಕೆಳತುಟಿಯ ಎಡತುದಿ ಯಾವಾಗಲೂ ಸ್ವಲ್ಪ ಒಳಗೆ, ಏನೋ ಹೇಳಹೊರಟು ಬಿಟ್ಟವರ ಹಾಗೆ. ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೀರು.

“ಏನ್ರೀ ಹಾಗ್ ನೋಡ್ತೀರಾ? ಪೇಪರ್ ತಲೆಕೆಳಗಾಗಿದೆ.”

ತಿರುಗಿಸಿ ಹಿಡಿದುಕೊಂಡು, ಹುಬ್ಬಿನ ಗಾಯ ಯಾವಾಗಿನದು ಎಂದೆ.

“ಅರವತ್ತೊಂಬತ್ತರದ್ದು. ಕಪಾಟಿನ ಧೂಳು ಹೊಡೀತಿದ್ದಾಗ ನಿಮ್ಮ ಮೀಟಿಯರ್ ಮೇಲಿಂದ ಬಿತ್ತಲ್ಲ.”

ಅರವತ್ತೊಂಬತ್ತರಲ್ಲಿ ಮೀಟಿಯರ್‌ನ ಬಲ ರೆಕ್ಕೆ ಮುರಿದದ್ದು ನನಗೆ ಚೆನ್ನಾಗಿ ನೆನಪಿದೆ. ಅವಳ ಮೇಲೆ ರೇಗಿದ್ದೂ ನೆನಪಿದೆ. ರಕ್ತ ಬಂದದ್ದು ನೆನಪಿಲ್ಲ. ತಲೆ ಎಷ್ಟು ಕೊಡವಿದರೂ ಬರಲಿಲ್ಲ.

ನಾಚಿಕೆಯಾಯಿತು. ಇದನ್ನು ಯಾಕೆ ಬರೆಯುತ್ತಿದ್ದೇನೋ, ಡೆಲ್ಟಾಗೆ ಸಂಬಂಧವಿಲ್ಲ.

19 ಸೆಪ್ಟೆಂಬರ್, ಶನಿವಾರ

ಹುಬ್ಬು, ಮೂಗುತಿ, ತುಟಿ ಆಯಿತು. ಎನಾಮಲ್ ಬಣ್ಣ, ಒರೆಸಿದರೆ ಹೋಗುವಂಥದ್ದಲ್ಲ. ಕೆಳತುಟಿ ಮೂರು ಸಲ ಅಳಿಸಿದೆ. ಡೆಲ್ಟಾದ ಮೂಗಿನ ಕೀಲೂ ಕೂತಿದೆ, ಸರಾಗವಾಗಿ ಬಾಗುತ್ತದೆ. ಚಕ್ರಗಳನ್ನು ಅಂಟಿಸಿದರೆ ಮುಗಿಯಿತು, ಮುಕ್ಕಾಲು ಗಂಟೆಯ ಕೆಲಸ.

20 ಸೆಪ್ಟೆಂಬರ್, ಭಾನುವಾರ. ಮಹಾಲಯ ಅಮಾವಾಸ್ಯೆ

ಬೆಳಿಗ್ಗೆ ತರ್ಪಣ. ಊಟವಾದಾಗ ಎರಡು ಗಂಟೆ. ಆರಕ್ಕೆ ಬಸವನಗುಡಿಯಲ್ಲಿರಬೇಕು. ನಾಲ್ಕು ಗಂಟೆ ಸಮಯ, ಎರಡು ಕಣ್ಣು ಮತ್ತು ಮೂರು ಚಕ್ರ. ಲೆಕ್ಕ ಸರಿಯಾಗಿತ್ತು.

ಮೊದಲು ಕಣ್ಣು ಹಿಡಿದೆ. ಬಲಗಣ್ಣು ಬಂತು. ಎಡಗಣ್ಣು ಬರೆಯುವಾಗ ಅದು ಎತ್ತ ನೋಡಬೇಕು ಎಂಬ ಪ್ರಶ್ನೆ ಬಂತು. ಕುಂಚ ಕೆಳಗಿಟ್ಟು ಹೊರಗೆ ಹೋಗಿ ಅಂಬುಜಳನ್ನು ನೋಡಿಕೊಂಡು ಬಂದೆ. ಬರೆದೆ. ಅಳಿಸಿದೆ. ಮತ್ತೆ ಹೋಗಿ ನೋಡಿದೆ. “ಏನ್ ಬೇಕ್ರೀ?” ಎಂದಳು. ಏನೂ ಇಲ್ಲ ಎಂದೆ. ಹೀಗೆ ಐದಾರು ಸಲ ಆಗಿರಬೇಕು.

ಫೋನ್ ಬಂತು. “ಆರೂ ಹತ್ತಾಯ್ತು ಬದರಿ ಅವರೇ, ಎಲ್ಲಿದೀರಾ?” ಶಿವರುದ್ರಪ್ಪನ ದನಿಯಲ್ಲಿ ಹಬ್ಬದೂಟದ ತೃಪ್ತಿಯಿತ್ತು.

“ಕಣ್ಣು ಬರೀತಿದೀನಿ,” ಎಂದು ಇಟ್ಟುಬಿಟ್ಟೆ. ಅವನು ಇನ್ನೂ ಏನೋ ಹೇಳುತ್ತಿದ್ದ.

ಏಳಕ್ಕೆ ಎಡಗಣ್ಣು ಮುಗಿಯಿತು. ಒಣಗಲು ಇಟ್ಟಿದ್ದೇನೆ.

21 ಸೆಪ್ಟೆಂಬರ್, ಸೋಮವಾರ. ಪಾಡ್ಯ

ಬೆಳಿಗ್ಗೆ ಮೆಟ್ಟಿಲು ಜೋಡಿಸಿ ಬಿಳಿ ಪಂಚೆ ಹಾಸಿದೆ. ಕಲಶ ಇಟ್ಟಾಯಿತು. ರಾಜನನ್ನು ಕೂರಿಸಿದೆ. ರಾಣಿಗೆ ಹಸಿರು ಜರಿ ಬಟ್ಟೆ ಸುತ್ತಿ, ಅವನ ಪಕ್ಕ ಇಟ್ಟು, ದೀಪದ ಬೆಳಕು ನೇರ ಬೀಳದ ಹಾಗೆ ಸ್ವಲ್ಪ ತಿರುಗಿಸಿದೆ. ಅಂಬುಜ ಬಂದು ದೀಪವನ್ನೇ ಈ ಕಡೆಗೆ ಸರಿಸಿದಳು.

ಎಷ್ಟು ಹೊತ್ತು ನೋಡಿದಳೋ. ತಡೆಯಲಾರದೆ ನಾನೇ ಹೇಳಿಬಿಟ್ಟೆ, “ಅಂಬುಜ, ನಾನು ಒರೆಸಿಬಿಟ್ಟೆ. ನಿಮ್ಮಮ್ಮ ಕೊಟ್ಟ ಮುಖ ನನ್ನಿಂದ ಹೋಯ್ತು.”

“ಗೊತ್ತು. ಅವತ್ತೇ ಟರ್ಪೆಂಟೈನ್ ವಾಸ್ನೆ ಬಂತಲ್ಲ.” ಅವಳು ಕೂತಳು. “ನಮ್ಮಮ್ಮ ಕೊಟ್ಟ ಮುಖ ಎಪ್ಪತ್ತೊಂದ್ರಲ್ಲೇ ಹೋಯ್ತು ರೀ. ಹರಿಣಾಕ್ಷಿ ಎರಡು ವರ್ಷದೋಳು, ರಾಣೀನ ಹಂಡೆ ಬಿಸಿನೀರಲ್ಲಿ ಅದ್ದಿ, ಸೀಗೆಪುಡಿ ಹಾಕಿ ತಿಕ್ಕಿ ಸ್ನಾನ ಮಾಡಿಸಿದ್ಲು. ಅವತ್ತಿಂದ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆ ದಿನ ನಾನೇ ಹಳೇದು ಒರೆಸಿ ಹೊಸದು ಬರೀತಿದೀನಿ. ಕಾಡಿಗೆ, ಕುಂಕುಮ. ಇಪ್ಪತ್ತೇಳು ವರ್ಷ ಆಯ್ತು.”

ಇಪ್ಪತ್ತೇಳು ವರ್ಷ, ಇದೇ ಮನೆಯಲ್ಲಿ, ನಾನು ಪಕ್ಕದ ಕೋಣೆಯಲ್ಲಿರುವಾಗ. ಒಂದೊಂದು ವರ್ಷ ಒಂದೊಂದು ಥರ ಎಂದದ್ದು ಆಗ ಅರ್ಥವಾಯಿತು.

“ಹಾಗಾದ್ರೆ ಮೊದಲೇ ಹೇಳಬೇಕಿತ್ತು,” ಎಂದು ರೇಗಿದೆ. “ಹದಿನೈದು ದಿನ ನನ್ನನ್ನ ಹೀಗೆ ಗೋಳು ಹೊಯ್ಕೊಳ್ಳೋದಾ? ಅಕ್ಕಿಪೇಟೆವರೆಗೂ ಹೋಗಿದ್ದೆ.”

“ಮೊದ್ಲು ಈ ಕೈಲಿ ಹೆಂಗಪ್ಪ ಬರಿಯೋದು ಅಂತ ಯೋಚ್ನೆ ಆಗಿತ್ತು. ಅಷ್ಟರಲ್ಲಿ ನೀವು ಬಂದು ಕಣ್ಣು ಹೇಗಿತ್ತು ಅಂದ್ರಿ. ಮಾರನೇ ದಿನ ಹುಬ್ಬು ಅಂದ್ರಿ.” ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು. “ಹೇಳಿಬಿಟ್ಟಿದ್ರೆ ನೀವು ಎದ್ದು ಏರ್‌ಪೋರ್ಟಿಗೆ ಹೋಗ್ತಿದ್ರಿ.”

ಇದಕ್ಕೆ ಸಮರ್ಪಕವಾದ ಉತ್ತರವೊಂದಿದೆ. ಹೊಳೆದಾಗ ಬರೆಯುತ್ತೇನೆ.

25 ಸೆಪ್ಟೆಂಬರ್, ಶುಕ್ರವಾರ

ಆರತಿಗೆ ಹೆಂಗಸರು ಬಂದಿದ್ದರು. ಕೋಸಂಬರಿ ನನ್ನದು. ಮಹಿಳಾ ಸಮಾಜದ ಗಿರಿಜಾಂಬಾ ಪ್ರತಿ ವರ್ಷ ಪೇಟೆಯ ಮನೆಮನೆಯ ಗೊಂಬೆಗಳನ್ನೂ ತಪಾಸಣೆ ಮಾಡುತ್ತಾರೆ, ಶಿವರುದ್ರಪ್ಪ ಇವರ ಮುಂದೆ ಮಗು. ಮೆಟ್ಟಿಲಿನ ಬುಡದಿಂದ ಮೇಲಕ್ಕೆ ನೋಡುತ್ತ ಹೋಗಿ ರಾಣಿಯ ಬಳಿ ನಿಂತರು.

“ಅಂಬುಜಮ್ಮ, ಈ ಸಲ ಏನೋ ಬೇರೆ ಥರ ಇದಾಳಲ್ರೀ. ನಿಮ್ಮ ಹಾಗೇ ಇದಾಳೆ. ನಿಮ್ಮ ಹುಬ್ಬಿನ ಗೀರು ಕೂಡ ಇದೆ. ಯಾರು ಬರ್ದಿದ್ದು?”

“ಮನೆಯೋರು,” ಎಂದಳು ಅಂಬುಜ. ಇಷ್ಟನ್ನು ಹೇಳುವುದಕ್ಕೆ ಅವಳು ಅಷ್ಟು ಹೊತ್ತು ತೆಗೆದುಕೊಳ್ಳಬೇಕಾಗಿರಲಿಲ್ಲ.

ಗೀರು ಬರೆದದ್ದು ನನಗೇ ತಿಳಿದಿರಲಿಲ್ಲ. ಹೋಗಿ ನೋಡಿದೆ, ಇದೆ.

ಮೂರನೇ ಮೆಟ್ಟಿಲಲ್ಲಿ ಶೆಟ್ಟಿ ಶೆಟ್ಟಿತಿ ಗೊಂಬೆಗಳ ನಡುವೆ ಅಂಬುಜ ಡೆಲ್ಟಾವನ್ನು ಇಡಿಸಿದ್ದಾಳೆ. ಶೆಟ್ಟಿ ಒಂದಕ್ಕೆ ಹನ್ನೆರಡು, ವಿಮಾನ ಒಂದಕ್ಕೆ ನಲವತ್ತೆಂಟು. ಅಳತೆಗಳು ಪೂರಾ ಅಸಂಬದ್ಧ. ಹೇಳಿದೆ. “ನೋಡೋಕ್ ಚೆನ್ನಾಗಿದೆ, ಬಿಡಿ. ಮೂಗು ಬಗ್ಗಿಸಿಡಿ, ರಾಣಿಗೆ ನಮಸ್ಕಾರ ಮಾಡೋ ಹಾಗಿರತ್ತೆ,” ಎಂದಳು. ಬಗ್ಗಿಸಿಟ್ಟೆ. ಚಕ್ರ ಇನ್ನೂ ಇಲ್ಲ, ಅಕ್ಕಿ ರಾಶಿಯ ಮೇಲೆ ಕೂತಿದೆ.

27 ಸೆಪ್ಟೆಂಬರ್, ಭಾನುವಾರ

ಅಂಬುಜಳಿಗೆ ಎಡಗೈಯಲ್ಲಿ ಜಡೆ ಹಾಕಿಕೊಳ್ಳಲು ಬರುವುದಿಲ್ಲ, ಇಷ್ಟು ದಿನ ಪಕ್ಕದ ಮನೆಯವರು ಹಾಕುತ್ತಿದ್ದರು. ಮೂರು ಎಳೆಯ ಹೆಣಿಗೆ, ತತ್ವ ಸರಳ. ಇಂದು ನಾನು ಹಾಕಿದೆ. ಎರಡು ಸಲ ಬಿಚ್ಚಿಹೋಯಿತು, ಮೂರನೆಯದು ನಿಂತಿತು.

ಸಂಜೆ ಶಿವರುದ್ರಪ್ಪ ಬಂದ. ಪ್ರದರ್ಶನ ಇಂದಂತೆ. ಹಂಟರ್‌ಗೆ ಮೊದಲ ಬಹುಮಾನ. ತೀರ್ಪುಗಾರನೂ ಅವನೇ ಆದ್ದರಿಂದ ವಿವಾದವಾಗಲಿಲ್ಲವಂತೆ. ಗೊಂಬೆಗಳ ಮುಂದೆ ನಿಂತು ಜೇಬಿನಿಂದ ಸ್ಕೇಲು ತೆಗೆದು ಡೆಲ್ಟಾ ಅಳೆದ. “ರೆಕ್ಕೆ ಒಂದು ಮಿಲಿಮೀಟರ್ ಕಮ್ಮಿ,” ಎಂದ. ಇರಬಹುದು ಎಂದೆ. ಅವನಿಗೆ ನಿರಾಶೆಯಾದಂತೆ ಕಂಡಿತು, ಇನ್ನೊಂದು ಸಲ ಅಳೆದ. ಕೋಸಂಬರಿ ಕೊಟ್ಟು ಕಳಿಸಿದೆವು.

1 ಅಕ್ಟೋಬರ್, ಗುರುವಾರ. ವಿಜಯದಶಮಿ

ರಾಣಿಯನ್ನು ಮಲಗಿಸಿದೆವು. ಪದ್ಧತಿಯಂತೆ ಒಂದು ಗೊಂಬೆ ಮಲಗಿಸಿದರೆ ಹಬ್ಬ ಮುಗಿದ ಹಾಗೆ. ಮನೆ ಯಾಕೋ ಖಾಲಿ ಎನಿಸಿತು.

3 ಅಕ್ಟೋಬರ್, ಶನಿವಾರ

ಗೊಂಬೆಗಳನ್ನು ಸುತ್ತಿ ಟ್ರಂಕಿಗೆ ಹಾಕುತ್ತಿದ್ದೆ. ಅಂಬುಜ ಹಳೆಯ ಪಂಚೆಯ ತುಂಡುಗಳನ್ನು ಒಂದೊಂದಾಗಿ ಕೊಡುತ್ತಿದ್ದಳು. ರಾಣಿಯನ್ನು ಎತ್ತಿಕೊಂಡು ಮುಖದ ಮೇಲೆ ಬೆರಳಾಡಿಸಿದಳು.

“ಇದು ಹೋಗಲ್ವಾ?”

“ಎನಾಮಲ್. ನೂರು ವರ್ಷ ಅಲ್ಲಾಡಲ್ಲ,” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಒಳ್ಳೇದೇ ಆಯ್ತು. ಇನ್ಮೇಲೆ ನಾನೂ ಬರೀಬೇಕಾಗಿಲ್ಲ, ನೀವೂ ಕೇಳ್ಬೇಕಾಗಿಲ್ಲ.” ಗೊಂಬೆಯನ್ನು ನನ್ನ ಕೈಗಿಟ್ಟು ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದಳು.

ಪಂಚೆ ಅರ್ಧ ಸುತ್ತಿದವನು ನಿಲ್ಲಿಸಿದೆ. ಹದಿನೈದು ದಿನ ಮಾಡಿದ ಕೆಲಸ. ಇದಕ್ಕಿಂತ ಒಳ್ಳೆಯ ಕೆಲಸ ನನ್ನ ಕೈಯಿಂದ ಆಗಿಲ್ಲ, ಮೀಟಿಯರ್ ಸೇರಿಸಿ ಹೇಳುತ್ತಿದ್ದೇನೆ. ಕೋಣೆಗೆ ಹೋಗಿ ಥಿನ್ನರ್ ತಂದೆ. ಕೆಳಗಿನ ಅರಗಿಗೆ ತಾಗದ ಹಾಗೆ, ಹತ್ತಿಯ ತುದಿಯಿಂದ, ಬಹಳ ನಿಧಾನವಾಗಿ ಒರೆಸಿದೆ. ಎಡಗಣ್ಣು ಕೊನೆಗೆ.

ವಾಸನೆಗೆ ಅಂಬುಜ ಬಾಗಿಲಿಗೆ ಬಂದಳು. “ಯಾಕ್ರೀ?”

“ಎಡಗಣ್ಣು ಅರ್ಧ ಮಿಲಿಮೀಟರ್ ದೊಡ್ಡದಾಗಿತ್ತು.”

“ನಂದೂ ಹಾಗೇ ಅಲ್ವಾ?”

“ಅದು ಬೇರೆ.”

ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು, ಆಮೇಲೆ ನಾನೇ ಒರೆಸಿದೆ.

ಕಾರಣವನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತೇನೆ. ವರ್ಷ ವರ್ಷ ಬದಲಾಗುವ ಮುಖಕ್ಕೆ ಎನಾಮಲ್ ತಕ್ಕದ್ದಲ್ಲ. ಇದು ತಾಂತ್ರಿಕ ನಿರ್ಧಾರ. ಕಾಡಿಗೆ ಹೇಗೆ ಮಾಡುವುದೆಂದು ಅವಳನ್ನು ಕೇಳಬೇಕು. ಮುಂದಿನ ಮಹಾಲಯ ಅಮಾವಾಸ್ಯೆ ಯಾವತ್ತು ಬರುತ್ತದೆಂದು ನೋಡಹೋದೆ, ಯುಗಾದಿಗೆ ಹೊಸ ಪಂಚಾಂಗ ಬರುವ ತನಕ ತಿಳಿಯುವುದಿಲ್ಲ. ಹುಬ್ಬಿನಿಂದ ಶುರುಮಾಡುವುದಾದರೆ ನಾಳೆಯಿಂದಲೇ ಕೇಳಲು ತೊಂದರೆಯಿಲ್ಲ.